ಸೇತುವೆಯ ಮೇಲೆ ನಿಂತ ಗೊಂಬೆ ಕೂಸು

ಕಂಪ್ಯೂಟರ್ ಕಲಿಸುವವರು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದು ತಾನಾಗಿಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಬಜಾರಿನಲ್ಲಿ, ರೈತರ ಮಾಲು ಮಾರಿಸಿಕೊಡುವ ಒಬ್ಬ ಅಡತಿ ಸಾವಕಾರರ ಅಂಗಡಿಯ ಮೇಲಿನ ಕೋಣೆಯಲ್ಲಿ, ಒಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಕ್ಲಾಸು ತೆರೆದೆ. ಅಂದಿನಿಂದ ಇಂದಿನವರೆಗೆ ನಗುವಿಗೆ ಬರ ಬಂದಿಲ್ಲ.

ಆ ಯಂತ್ರದ ಜೊತೆ ಒಂದು ಆಟದ ಸಿ.ಡಿ. ಬಂದಿತ್ತು. ಮಕ್ಕಳು ಒಂದರ ಮೇಲೊಂದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಿರುತ್ತವಲ್ಲ, ಅವುಗಳಿಂದಲೇ ಕಟ್ಟಿದ ಒಂದು ನಡುಗಡ್ಡೆ. ಅಲ್ಲಿ ದುಂಡು ತಲೆಯ, ಕೊಂಡಿಯಂಥ ಕೈಗಳ ಗೊಂಬೆ ಜನ. ಗೆಲುವಿಲ್ಲ, ಸೋಲಿಲ್ಲ. ಮೌಸ್ ಹಿಡಿದು ಎಲ್ಲಿ ಬೇಕಾದರೂ ಅಲೆಯಬಹುದು, ಯಾರ ಮನೆಗಾದರೂ ಹೋಗಬಹುದು, ಅವರ ಸಣ್ಣಪುಟ್ಟ ಕೆಲಸ ಮಾಡಿಕೊಡಬಹುದು. ಮೌಸ್ ಹಿಡಿಯುವುದನ್ನು ಕಲಿಸಲು ಇದೇ ಸರಿ ಎಂದು ನಾನು ಎಲ್ಲರಿಗೂ ಮೊದಲು ಈ ಆಟವನ್ನೇ ಹಾಕಿಕೊಟ್ಟೆ. ಮಕ್ಕಳ ಆಟ ಎಂದು ಡಬ್ಬಿಯ ಮೇಲೆ ಬರೆದಿತ್ತು. ಆದರೆ ನಮ್ಮ ಕ್ಲಾಸಿನಲ್ಲಿ ಒಂದು ಮಗುವಿಗೂ ಅದರ ಪಾಳಿ ಬರಲಿಲ್ಲ. ದೊಡ್ಡವರು ಕುರ್ಚಿ ಬಿಟ್ಟು ಎದ್ದರೆ ತಾನೆ!

ತಾಟು

ಕಂಪ್ಯೂಟರ್ ಬಂದ ದಿನ ಪೂಜೆ ಮಾಡಲು ನನ್ನ ಗಂಡನ ತಾಯಿ, ನಮ್ಮ ಅತ್ತೆಯವರೇ ಬಂದರು. ಅವರ ತವರು ಸವದತ್ತಿ. ಹೀಗಾಗಿ ಯಾವ ಶುಭ ಕಾರ್ಯಕ್ಕೂ ಎಲ್ಲಮ್ಮನ ಗುಡ್ಡದ ಅರಿಶಿನದ ಭಂಡಾರವಿಲ್ಲದೆ ಅವರು ಹೊಸ್ತಿಲು ದಾಟುವುದಿಲ್ಲ. ಪರದೆಯ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದರು, ತೆಂಗಿನಕಾಯಿ ಒಡೆದರು. ಕೀಬೋರ್ಡಿನ ಮೇಲೆ ಅಕ್ಷತೆ ಹಾಕಲು ಕೈ ಎತ್ತಿದಾಗ ನಾನು ಅಡ್ಡ ಬಂದು ತಡೆದೆ. ಗೆದ್ದೆ ಎಂದುಕೊಂಡು, ಆಟ ಹಚ್ಚಿ ತೋರಿಸೋಣವೆಂದು ಗುಂಡಿ ಒತ್ತಿದೆ. ಸಿ.ಡಿ. ಇಡುವ ತಟ್ಟೆ ಸುಯ್ಯೆಂದು ಹೊರಗೆ ಬಂತು. ನಾನು ಸಿ.ಡಿ. ತೆಗೆದುಕೊಳ್ಳಲು ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಅತ್ತೆಯವರು ಆ ತಟ್ಟೆಗೆ ಒಂದು ಚಿಟಿಕೆ ಭಂಡಾರ, ಒಂದು ಚಮಚ ಸಕ್ಕರೆ ಹಾಕಿ, ಬೆರಳಿನಿಂದ ಮೆಲ್ಲಗೆ ದೂಡಿಬಿಟ್ಟಿದ್ದರು. ಯಂತ್ರ ನುಂಗಿತು.

"ಅತ್ಯಾರ, ಏನ ಮಾಡಿದ್ರಿ ಇದು!"

"ಏನ ಮಾಡಿದೆ? ಮನಿಗೆ ಬಂದ ಮೊದಲನೇ ದಿನ ಪಾಪ ತಾನಽ ತಾಟ ಮುಂದ ಮಾಡಿತು. ಬರೇ ತಾಟ ಒಳಗ ಕಳಿಸೂದು ಹೆಂಗವಾ?"

ನೆರೆಮನೆಯಿಂದ ಪಲ್ಯ ತುಂಬಿಕೊಂಡು ಬಂದ ಬಟ್ಟಲನ್ನು ನಮ್ಮಲ್ಲಿ ಯಾರೂ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿಯೇ ಕಳಿಸುತ್ತೇವೆ.

ಮರುದಿನ ಗೋಡೆಯ ಮೇಲೆ ಇರುವೆಗಳ ಸಾಲು. ಸಾಲಿನ ತಲೆ ಕಂಪ್ಯೂಟರಿನೊಳಗಿತ್ತು, ಬಾಲ ಬಚ್ಚಲ ಮೋರಿಯಲ್ಲಿತ್ತು. ಧಾರವಾಡದಿಂದ ಬಸ್ಸು ಹತ್ತಿ ಬಂದ ರಿಪೇರಿಯವರು ಯಂತ್ರದ ಬೆನ್ನು ಬಿಚ್ಚಿ, ಬೋರಲು ಮಾಡಿ, ಮೊರ ಕೊಡವಿದ ಹಾಗೆ ಕೊಡವಿದರು. ಅಂಗೈಗೆ ಬಿದ್ದ ಹಳದಿ ಪುಡಿಯನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತೆ.

"ಅಕ್ಕೋರ, ಭಾಳ ಮಷೀನ್ ಬಿಚ್ಚೇನ್ರಿ ನಾ. ಪ್ರಸಾದ ಸಿಕ್ಕಿದ್ದು ಮಾತ್ರ ಇದರಾಗಽ ಮೊದಲು" ಎಂದು ಅದನ್ನು ಹಣೆಗೆ ಹಚ್ಚಿಕೊಂಡರು.

ಬೆರಳಿಲ್ಲದ ಕೈ

ನಮ್ಮ ಕೋಣೆಯ ಯಜಮಾನರಾದ ಸಾವಕಾರರು ಹತ್ತಿ, ಗೋವಿನಜೋಳದ ಅಡತಿಯವರು. ಪೇಟೆಯ ಹರಾಜು ಮುಗಿದ ಮೇಲೆ ದಿನಾ ಮೇಲೆ ಬಂದು ಅರ್ಧ ಗಂಟೆ ಕಲಿಯುತ್ತಿದ್ದರು. ಮೊದಲನೆಯ ದಿನ ಅವರನ್ನು ಗೊಂಬೆಗಳ ಊರಿನಲ್ಲಿ ಬಿಟ್ಟು ನಾನು ಕೆಳಗೆ ಹೋದೆ. ಮರಳಿ ಬಂದಾಗ ಅವರು ಒಂದೇ ಒಂದು ಗೊಂಬೆಯ ಮುಂದೆ ನಿಂತಿದ್ದರು. ಆ ಗೊಂಬೆಯದು ಹೇಗೆಂದರೆ, ಎದುರಿಗೆ ಯಾರೇ ನಿಲ್ಲಲಿ, ನಿಂತಷ್ಟು ಹೊತ್ತೂ ಕೈ ಎತ್ತಿ "ಹಲೋ" ಎನ್ನುತ್ತಲೇ ಇರುತ್ತದೆ. ಅದು ಹಲೋ ಎಂದಾಗಲೆಲ್ಲ ಸಾವಕಾರರು ಎರಡೂ ಕೈ ಜೋಡಿಸಿ "ನಮಸ್ಕಾರ್ರೀ" ಎನ್ನುತ್ತಿದ್ದರು. ಕೈ ಜೋಡಿಸಲು ಮೌಸ್ ಬಿಡುತ್ತಿದ್ದರಾದ್ದರಿಂದ ಮುಂದೆ ಹೋಗುವ ಮಾತೇ ಇರಲಿಲ್ಲ.

"ಸಾವಕಾರ್ರ, ಮುಂದ ನಡೀರಿ. ಇದು ಬರೇ ಗೊಂಬಿ."

"ಅವರು ಮಾತಾಡಾಕ ಹತ್ಯಾರಲ್ರಿ ಅಕ್ಕೋರ. ನಡುವ ಬಿಟ್ಟ ಹೋದ್ರ ಏನ ತಿಳಕೊಂಡಾರು?"

ನಾನೇ ಮೌಸ್ ಹಿಡಿದು ಆ ಗೊಂಬೆಯಿಂದ ಅವರನ್ನು ಬಿಡಿಸಿ ಮುಂದೆ ಕಳಿಸಿದೆ. ನಡುಗಡ್ಡೆಯ ಸಂತೆಯಲ್ಲಿ ಗೊಂಬೆ ವ್ಯಾಪಾರಿಯೊಬ್ಬ ಕುದುರೆ ಮಾರುತ್ತಿದ್ದ. ಇನ್ನು ಇವರಿಗೆ ಖುಷಿಯಾದೀತು ಎಂದುಕೊಂಡೆ. ಸಾವಕಾರರು ಕನ್ನಡಕ ಏರಿಸಿ, ಅವನ ಕೊಂಡಿ ಕೈಯನ್ನೇ ನೋಡಿ ನೋಡಿ ಮರುಗಿದರು.

"ಈ ಮನಶ್ಯಾಗ ಬೆರಳಽ ಇಲ್ಲಲ್ರಿ. ಟಾವೆಲ್ ಕೆಳಗ ಕೈ ಹಾಕಿ, ಬೆರಳ ಹಿಡದು ರೇಟ ಹೇಳಿ, ಸವದಾ ಹೆಂಗ ಕುದುರಸ್ತಾನ ಪಾಪ?"

ಬಸ್ಸಿನ ದಾರಿ

ಇನ್ನೊಬ್ಬ ವಿದ್ಯಾರ್ಥಿ ನಿವೃತ್ತ ಕನ್ನಡ ಮಾಸ್ತರರು, ಮುನವಳ್ಳಿಯವರು. ಕ್ಲಾಸಿಗೆ ಬಸ್ಸಿನಲ್ಲೇ ಬಂದು ಬಸ್ಸಿನಲ್ಲೇ ಹೋಗುವವರು. ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ಅವರಿಗೂ ಹೇಳಿ ಕೂಡಿಸಿದೆ. ಅವರು ನೆಟ್ಟಗೆ ನಡುಗಡ್ಡೆಯ ಬಸ್ ನಿಲ್ದಾಣಕ್ಕೆ ಹೋಗಿ ನಿಂತರು. ನಿಂತರು ಎಂದರೆ ನಿಂತೇ ಬಿಟ್ಟರು. ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಪರದೆ ನೋಡುತ್ತ, ಮುಕ್ಕಾಲು ಗಂಟೆ.

"ಸರ, ಅಲ್ಲಿ ಬಸ್ಸ ಬರೂದಿಲ್ರಿ. ಆ ನಿಲ್ದಾಣ ಬರೇ ನೋಡಾಕ ಮಾಡಿದ್ದು."

ಮಾಸ್ತರರು ಅಲುಗಾಡಲಿಲ್ಲ. "ನಮ್ಮ ಊರ ನಿಲ್ದಾಣಕ್ಕೂ ಹಿಂಗಽ ಅಂತಿದ್ರು ತಂಗಿ. ಕಡೀಕ ಬಂತು."

ಹುಣಸೆಹಣ್ಣು

ಮಧ್ಯಾಹ್ನ ನನಗೆ ಬುತ್ತಿ ತರುವ ನೆಪದಲ್ಲಿ ಅತ್ತೆಯವರೂ ಆಟಕ್ಕೆ ಅಂಟಿಕೊಂಡರು. ಅವರಿಗೆ ಬೇರೆ ಯಾವ ಗೊಂಬೆಯೂ ಬೇಡ. ಬಂದರಿನಲ್ಲಿ ಕೆಂಪು ಟೊಪ್ಪಿಗೆಯ ಒಂದು ಪುಟ್ಟ ಹುಡುಗಿ ಒಬ್ಬಳೇ ನಿಂತಿರುತ್ತಾಳೆ. ಅವಳನ್ನು ಬಂಡಿಯಲ್ಲಿ ಕೂಡಿಸಿಕೊಂಡು, ಸೇತುವೆ ದಾಟಿಸಿ, ಗುಡ್ಡದ ಮೇಲಿರುವ ಅವಳ ಅವ್ವನ ಮನೆಗೆ ಮುಟ್ಟಿಸಬೇಕು. ಆಟದ ಕೊನೆಯ ಕೆಲಸ ಅದು. ಅತ್ತೆಯವರು ನಾಲಗೆಯಲ್ಲಿ ಟುರ್ ಟುರ್ ಎಂದು ಎತ್ತು ಹೊಡೆಯುತ್ತ ಮೌಸ್ ನಡೆಸುತ್ತಿದ್ದರು. ಪೇಟೆ ದಾಟುವ ಹೊತ್ತಿಗೆ ಕರೆಂಟು ಹೋಯಿತು. "ನಾಳೆ ಮುಟ್ಟಿಸೋಣ" ಎಂದು ಸಮಾಧಾನ ಮಾಡಿದೆ.

ಮರುದಿನ ಅವರು ನನಗಿಂತ ಮುಂಚೆ ಬಂದಿದ್ದರು. ಸಿ.ಡಿ.ಯ ಹೊಳಪಿನ ಮೈಗೆ ತಟ್ಟೆಯಲ್ಲಿ ಉಳಿದಿದ್ದ ಅಂದಿನ ಭಂಡಾರದ ಕಲೆ ಅಂಟಿತ್ತು. ಕೂಸಿನ ದಾರಿ ಸ್ವಚ್ಛವಿರಲಿ ಎಂದು, ಹಿತ್ತಾಳೆ ತಂಬಿಗೆ ಬೆಳಗುವ ಹಾಗೆ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಬಿಸಿಲಿಗಿಟ್ಟಿದ್ದರು. "ನೋಡು, ಮಾರಿ ಕಾಣಸ್ತೈತಿ!" ಎಂದರು ಹೆಮ್ಮೆಯಿಂದ. ಮುಖ ಕಾಣುತ್ತಿತ್ತು, ನಿಜ. ಮುಖದ ಮೇಲೆ ಸಾವಿರ ಗೀರು.

ಆಟ ಶುರುವಾಯಿತು. ಬಂದರು ಬಂತು, ಪೇಟೆ ಬಂತು, ಬಂಡಿ ಸೇತುವೆ ಏರಿತು. ಸೇತುವೆಯ ನಟ್ಟನಡುವೆ ಎಲ್ಲ ನಿಂತಿತು. ಹುಡುಗಿ ಎತ್ತಿದ ಕೈ ಎತ್ತಿದ ಹಾಗೇ. ಆರಿಸಿ ಮತ್ತೆ ಹಚ್ಚಿದೆ. ಅದೇ ಸೇತುವೆ, ಅದೇ ಜಾಗ. ನನಗೆ ನಗು ಬಂತು. ಅತ್ತೆಯವರ ಮುಖ ನೋಡಿ ನುಂಗಿಕೊಂಡೆ.

"ನಾನಽ ತೊಳದೆ. ನಾನಽ ಅದನ್ನ ನಡುಹೊಳಿಯಾಗ ನಿಂದರಿಸಿದೆ" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಊರಿಗೆಲ್ಲ ಚಿಂತೆ ಹತ್ತಿತು. ಸಾವಕಾರರು, "ಹೊಳಿ ಏರಿದಾಗ ನಾವು ಸುತ್ತ ಹಾಕಿ ಹೋಗೂದಿಲ್ಲೇನ್ರಿ? ಬ್ಯಾರೆ ದಾರಿ ನೋಡ್ರಿ" ಎಂದರು. ಆ ನಡುಗಡ್ಡೆಗೆ ಇದ್ದದ್ದೇ ಒಂದು ಸೇತುವೆ. ಮಾಸ್ತರರು ಡಬ್ಬಿಯ ಮೇಲಿದ್ದ ಪರದೇಶದ ವಿಳಾಸಕ್ಕೆ ಅಚ್ಚಗನ್ನಡದಲ್ಲಿ ಒಂದು ಅರ್ಜಿ ಬರೆದರು: "ಮಾನ್ಯರೇ, ತಮ್ಮ ಊರಿನ ಸೇತುವೆಯು ಕೆಟ್ಟು ಹೋಗಿದ್ದು, ಹೆಣ್ಣು ಮಗುವೊಂದು ಮನೆ ಸೇರದೆ ನಿಂತಿರುತ್ತದೆ. ಕೂಡಲೇ ದುರಸ್ತಿ ಮಾಡಿಸಿಕೊಡಬೇಕಾಗಿ ವಿನಂತಿ." ಕೆಳಗೆ ನಮ್ಮೆಲ್ಲರ ಸಹಿ.

ವರ್ಷ ಕಳೆದರೂ ಉತ್ತರ ಬರಲಿಲ್ಲ. "ಸೇತುವಿ ಅಂದ್ರ ಎಲ್ಲಾ ಕಡೆ ಹಿಂಗಽ ತಂಗಿ" ಎಂದರು ಮಾಸ್ತರರು.

ಮನೆ ಮುಟ್ಟಿದ ದಿನ

ಎಂಟು ವರ್ಷವಾಯಿತು. ಒಂದು ಕಂಪ್ಯೂಟರು ಹತ್ತಾಯಿತು. ಹಳೆಯದು ಮನೆಯ ಅಟ್ಟ ಸೇರಿತು. ಆದರೆ ದಿನಾ ದೀಪ ಹಚ್ಚುವಾಗ ಅತ್ತೆಯವರ ಒಂದು ಮಾತು ತಪ್ಪಲಿಲ್ಲ: "ಮುಸ್ಸಂಜಿ ಆತು. ಹೆಣ್ಣುಕೂಸು ಇನ್ನೂ ಹೊರಗೈತಿ." ನಮ್ಮ ಮನೆಗೆ ಬಂದ ಬೀಗರು ಇದನ್ನು ಕೇಳಿ ಗಾಬರಿಯಿಂದ ತಮ್ಮ ಹುಡುಗಿಯರನ್ನು ಎಣಿಸಿಕೊಂಡದ್ದೂ ಉಂಟು.

ಆ ವರ್ಷ ಅತ್ತೆಯವರ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಡಾಕ್ಟರು ಪ್ರೀತಿಯಿಂದ, "ಈಗ ಮೊದಲು ಏನ ನೋಡ್ತೀರಿ ಅಜ್ಜಿ?" ಎಂದು ಕೇಳಿದರು. ಮೊಮ್ಮಕ್ಕಳು ಎದುರಿಗೇ ಸಾಲಾಗಿ ನಿಂತಿದ್ದರು. "ಸೇತುವಿ ಮ್ಯಾಲಿನ ಕೂಸ್ರಿ" ಎಂದರು ಅತ್ತೆಯವರು. ಡಾಕ್ಟರು ಮತ್ತೊಮ್ಮೆ ಬ್ಯಾಟರಿ ಹಿಡಿದು ಅವರ ಕಣ್ಣು ನೋಡಿದರು.

ಇನ್ನು ತಡ ಮಾಡಿದರೆ ನನಗೆ ಪಾಪ ಸುತ್ತಿಕೊಂಡೀತು ಎನಿಸಿತು. ಸಿ.ಡಿ. ಹುಡುಕಿ ತೆಗೆದೆ. ಸಿನಿಮಾ ಸಿ.ಡಿ. ಬಾಡಿಗೆ ಕೊಡುವ ಅಂಗಡಿಯವರು ಗೀರು ತೆಗೆಯುವ ಯಂತ್ರಕ್ಕೆ ಹಾಕಿ ಎರಡು ದಿನ ಉಜ್ಜಿ ಕೊಟ್ಟರು. ಹೊಸ ಕಂಪ್ಯೂಟರು ಮಾತ್ರ ಅದನ್ನು ನೋಡಿ, ಇಷ್ಟು ಹಳೆಯ ಆಟ ನನಗೆ ಬರುವುದಿಲ್ಲ ಎಂದು ಕೈ ಎತ್ತಿತು. ಕೊನೆಗೆ ಅಟ್ಟದ ಮೇಲಿನ ಮುದಿ ಯಂತ್ರವನ್ನೇ ಇಳಿಸಿದೆವು. ಹಣೆಯ ವಿಭೂತಿಯ ಗುರುತು ಇನ್ನೂ ಮಾಸಿರಲಿಲ್ಲ.

ಸುದ್ದಿ ತಿಳಿದು ಸಾವಕಾರರು ಬಂದರು. ಮಾಸ್ತರರು ಮುನವಳ್ಳಿಯಿಂದ ಬಸ್ಸಿಗೆ ಬಂದರು. ಮಧ್ಯಾಹ್ನವೇ ಶುರು ಮಾಡಿದೆವು, ಮುಸ್ಸಂಜೆಯೊಳಗೆ ಕೂಸು ಮನೆ ಸೇರಬೇಕೆಂದು ಅತ್ತೆಯವರ ಹಟ. ಮೌಸ್ ಅವರ ಕೈಯಲ್ಲೇ. ಬಂದರು, ಪೇಟೆ, ಬಸ್ ನಿಲ್ದಾಣ. ಅಲ್ಲಿ ಮಾಸ್ತರರು ಒಂದು ಕ್ಷಣ ಆಸೆಯಿಂದ ಇಣುಕಿದರು. ಬಂಡಿ ಸೇತುವೆ ಏರಿತು. ಯಂತ್ರದೊಳಗೆ ಗರಗರ ಶಬ್ದ. ಹುಡುಗಿ ನಟ್ಟನಡುವೆ ನಿಂತಳು.

"ನಡಿಯವಾ, ನನ್ನವ್ವ, ನಡಿ" ಎಂದು ಅತ್ತೆಯವರು ಪರದೆಯ ಗಲ್ಲ ಸವರಿದರು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಬಂಡಿ ಕದಲಿತು. ಸೇತುವೆ ದಾಟಿತು, ಗುಡ್ಡ ಏರಿತು, ಮನೆಯ ಮುಂದೆ ನಿಂತಿತು. "ತಡೀರಿ, ಒಳಗ ಕರೀಲಿ" ಎಂದರು ಸಾವಕಾರರು. ಬಾಗಿಲು ತೆರೆಯಿತು. ಗೊಂಬೆ ಅವ್ವ ಎರಡೂ ಕೊಂಡಿ ಕೈ ಚಾಚಿ ಮಗಳನ್ನು ಅಪ್ಪಿಕೊಂಡಳು. ನಡುಗಡ್ಡೆಯ ತುಂಬ ಬಣ್ಣದ ಚಕ್ಕೆಗಳು ಉದುರಿದವು. ಮಾಸ್ತರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತೆಯವರು ಪರದೆಗೆ ದೃಷ್ಟಿ ತೆಗೆದು ಬೆರಳು ನೆಟಿಗೆ ಮುರಿದರು.

ಆಟ ಮುಗಿದದ್ದಕ್ಕೋ, ಮುದಿ ಯಂತ್ರಕ್ಕೆ ಸಾಕಾದದ್ದಕ್ಕೋ, ಆಗ ಸಿ.ಡಿ. ತಟ್ಟೆ ತಾನೇ ಸುಯ್ಯೆಂದು ಹೊರಗೆ ಬಂತು. ನಾನು ಸಿ.ಡಿ. ಎತ್ತಿ ಡಬ್ಬಿಗೆ ಹಾಕಿದೆ. ಅತ್ತೆಯವರು ಹೊಸ ಕಣ್ಣು ಅಗಲಿಸಿ ತಟ್ಟೆಯೊಳಗೆ ಬಗ್ಗಿ ನೋಡಿದರು. ಮುಖದ ನಗು ಮೆಲ್ಲಗೆ ಇಳಿಯಿತು.

"ಎಂಟ ವರ್ಷದ ಹಿಂದ ನಾ ಸಕ್ರಿ ಹಾಕಿ ಕೊಟ್ಟಿದ್ದೆ. ಇವತ್ತ ಕೂಸನ್ನೂ ಮನಿ ಮುಟ್ಟಿಸೇನಿ" ಎಂದರು. "ಆಕೀನ ಅವ್ವ ಬರೇ ತಾಟ ಕಳಿಸ್ಯಾಳಲ್ಲವಾ!"

ಆಮೇಲೆ ಅವರೇ ಆಕೆಯನ್ನು ಕ್ಷಮಿಸಿದರು. "ಇರ್ಲಿ ಬಿಡು, ಕೂಸು ಬಂದ ಸಂತೋಷದಾಗ ಮರತಿರಬೇಕು. ಆಕಿ ಮರತ್ರ ನಾವೂ ಮರೀಬೇಕೇನು?" ಎನ್ನುತ್ತ ಸಕ್ಕರೆ ಡಬ್ಬಿ ತರಲು ಅಡುಗೆಮನೆಗೆ ಹೊರಟರು.

ನಾನು ತಟ್ಟೆ ಒಳಗೆ ದೂಡಲು ಓಡಿದೆ. ಆದರೆ ಸಾವಕಾರರು ಅಷ್ಟರಲ್ಲಿ ಎರಡೂ ಕೈಯಿಂದ ಅದನ್ನು ಭದ್ರವಾಗಿ ಹಿಡಿದುಕೊಂಡಿದ್ದರು.

"ತಡೀರಿ ಅಕ್ಕೋರ, ಗಡಬಡಿ ಮಾಡಬ್ಯಾಡ್ರಿ. ಬರೇ ತಾಟ ಕಳಿಸಿದ್ರ ಆ ಊರಾಗ ನಮ್ಮ ಬೈಲಹೊಂಗಲದ ಮರ್ಯಾದಿ ಏನ ಉಳೀತು?"