ಊದೋರು ಹಿಂದ, ಓಡಿಸೋರು ಮುಂದ

ಕೊಪ್ಪಳದಾಗ ನಾನು ಹೆಣ್ಣಮಕ್ಕಳಿಗೆ ಸ್ಕೂಟಿ ಕಲಸ್ತೀನಿ. ಕುಡದು ಗಾಡಿ ಹೊಡಿಯೋರನ್ನ ಹಿಡಿಯಾಕ ಪೊಲೀಸರು ದಾರ್ಯಾಗ ಮಷೀನ್ ಊದಸಾಕತ್ತಿದ ಮ್ಯಾಲೆ ನನಗ ನಗಿಗೇನೂ ಬರಗಾಲ ಇಲ್ಲ. ಮೊದಲ ಕಾಲೇಜ್ ಹುಡಿಗ್ಯಾರಷ್ಟ ಬರ್ತಿದ್ರು. ಈಗ ಸಿಕ್ಕಬಿದ್ದ ಗಂಡಸರು ಮನಿ ಹೆಣ್ಣಮಕ್ಕಳನ್ನ ತಾವ ತಂದು ಬಿಡ್ತಾರ. ದಿನಾ ಒಂದಿಲ್ಲೊಂದು ಮೋಜು ಇದ್ದದ್ದ.

೧. ಸುಧಾರಿಸಿದ ಮಾವ

ಗಂಗಾವತಿಯಿಂದ ಬಂದು ನಮ್ಮೂರಾಗ ಅಂಗಡಿ ಇಟ್ಟ ಅಕ್ಕಿ ವ್ಯಾಪಾರಿ ಒಬ್ಬರು ಅದಾರ. ನಮ್ಮ ಮನಿ ಹೆಣ್ಣಮಕ್ಕಳು ಬೀದ್ಯಾಗ ಗಾಡಿ ಹೊಡೀಬೇಕೇನು ಅಂತ ಒಮ್ಮೆ ನನ್ನ ಜೋಡಿ ಜಗಳಾ ತಗದಿದ್ರು. ಅಂಥಾವ್ರು ಸೊಸೀನ್ನ ಕರಕೊಂಡು ಬಂದು, ಕಾಲ ಬದಲಾಗೇತಿ, ಹೆಣ್ಣಮಕ್ಕಳು ಮುಂದ ಬರಬೇಕು ಅಂತ ಭಾಷಣಾನ ಮಾಡಿದ್ರು. ನನಗ ಭಾಳ ಖುಷಿ ಆತು. ಕಲಿಯಾಕ ಹದಿನೈದು ದಿನ ಆದ್ರೂ ಬೇಕ್ರಿ ಅಂದೆ.

"ಅಷ್ಟು ತಡಾ ಆಗಂಗಿಲ್ರಿ ಬಾಯಾರ. ಐತವಾರ ಸಾಣಾಪುರದಾಗ ಗೆಳೆಯಾರ ಪಾರ್ಟಿ ಐತಿ."

೨. ಸೀಟಿ

ನಾನು ಸೀಟಿ ಊದಿ ಕಲಸ್ತೀನಿ. ಸೀಟಿ ಕೇಳಿದ ಕೂಡ್ಲೆ ಬ್ರೇಕ್ ಹಿಡೀಬೇಕು. ಮುನಿರಾಬಾದ್ ಕಾಲೋನಿ ಹೆಣ್ಣಮಗಳು ಇದನ್ನ ಛಲೋ ಕಲ್ತಿದ್ಲು. ಒಂದಿನ ಮದುವಿ ಊಟ ಮುಗಿಸಿ, ತೂರಾಡೋ ಗಂಡನ್ನ ಹಿಂದ ಕುಂದ್ರಿಸಿಕೊಂಡು ಬರಾಕತ್ತಾಳ. ಮುಂದ ಪೊಲೀಸರು. ಎತ್ತಾಗೂ ನೋಡಬ್ಯಾಡ, ಸುಮ್ಮನ ಹೊಡಿ ಅಂದ ಗಂಡ. ಅಷ್ಟರಾಗ ಪೊಲೀಸಪ್ಪ ಹಿಂದಿನ ಲಾರಿಗೆ ಸೀಟಿ ಊದಿದ. ಈಕಿ ಅವನ ಬೂಟಿನ ಮುಂದ ಗಕ್ಕನ ನಿಂತಳು. ಗಂಡ ಹೆದರಿ ಇಳದು, ಯಾರೂ ಕೇಳದನ ಮಷೀನಿಗೆ ಬಾಯಿ ಹಚ್ಚಿ ಊದೇ ಬಿಟ್ಟ.

"ಹಿಂದ ಕುಂತವಗ ಕೇಸಿಲ್ಲಪ್ಪಾ," ಅಂದ್ನಂತ ಪೊಲೀಸಪ್ಪ. "ಲಾರಿಯಾಂವ ಊದಬೇಕು, ಮಷೀನ್ ಬಿಡು."

೩. ಹ್ಯಾಂಡಲ್

ಕುಷ್ಟಗಿ ಕಡೆ ಹಳ್ಳಿಯಾಕಿ ಒಬ್ಬಾಕಿ ಕೊಪ್ಪಳದ ತಂಗಿ ಮನ್ಯಾಗ ಉಳದು ಕಲಿಯಾಕ ಬಂದ್ಲು. ಗಂಡ ಯಲಬುರ್ಗಿ ಸಂತಿಯಿಂದ ಕುಡದು ಬರೋವಾಗ ಗಾಡಿ ಸಮೇತ ತಗ್ಗಿಗೆ ಬಿದ್ದು ತಲಿ ಒಡಕೊಂಡಿದ್ದ. ಗಾಯ ಮಾಯೋದ್ರಾಗ ಮತ್ತ ಕುಡದು ಹೊಡದು, ಪೊಲೀಸರ ಕೈಗೂ ಸಿಕ್ಕಿದ್ದ.

"ಅವರಿಗೇನರ ಆದ್ರ ನನ್ನ ಗತಿ ಏನ್ರಿ ಅಕ್ಕಾರ? ಗಾಡಿ ನನ್ನ ಕೈಯಾಗರ ಇರ್ಲಿ," ಅಂದ್ಲು. ಆಕಿಗಿ ಬ್ಯಾರೆಯವರಿಗಿಂತ ಜಾಸ್ತಿ ಹೊತ್ತು ಕಲಿಸಿದೆ.

ಲೈಸೆನ್ಸ್ ಬಂತು. ಆಕಿ ಮುಂದ, ಗಂಡ ಹಿಂದ. ಊರಾಗಿನ ಗೆಳೆಯಾರು, ಏನಪಾ, ಸೆರಗು ಗಟ್ಟಿ ಹಿಡಕೊಂಡೀಯಿಲ್ಲೋ ಅಂತ ಕಾಡಿ ಕಾಡಿ ಜೀವಾ ತಿಂದ್ರು. ಮರ್ಯಾದಿಗೆ ಅಂಜಿ ಅಂವ ಕುಡಿಯೋದನ್ನ ಬಿಟ್ಟ ಬಿಟ್ಟ. ನಾನು ಕುಣದಾಡಿದೆ. ಆಕಿ ಮಾತ್ರ ಮಾರಿ ಸಣ್ಣದು ಮಾಡ್ಕೊಂಡು ಬಂದ್ಲು. ಗಂಡ ಈಗ ಶುದ್ಧ ಅದಾನಲ್ಲ, ಕೀಲಿ ಕಸಗೊಂಡು ತಾನ ಹೊಡಿಯಾಕತ್ತಿದ್ದ. ನನಗ ಸಿಟ್ಟ ಬಂತು. ಗಂಡ ಉಳದನಲ್ಲವಾ, ಇನ್ನೇನು ಬೇಕು ಅಂತ ಬೈದೆ.

"ಗಂಡ ಉಳದನ್ರಿ ಅಕ್ಕಾರ. ಹ್ಯಾಂಡಲ್ ಹೋತಲ್ರಿ."

ಮೊನ್ನೆ ಫೋನ್ ಮಾಡಿದ್ಲು. ನಗು ತಡಿಯಾಕ ಆಗದ, ಅರ್ಧಕ್ಕರ್ಧ ನುಂಗಿಕೋತ ಹೇಳಿದ್ಲು. ಗಂಡ ಈಕಿನ್ನ ಹಿಂದ ಕುಂದ್ರಿಸಿಕೊಂಡು ಗಾಡಿ ಹೊಡಿಯಾಕತ್ತಿದ್ನಂತ. ದಾರ್ಯಾಗ ಪೊಲೀಸರನ್ನ ನೋಡಿ ತಾನ ಹೋಗಿ ನಿಲ್ಲಿಸಿದ. ಎದಿ ಉಬ್ಬಿಸಿ ಊದಿದ. ಮಷೀನ್‌ನ್ಯಾಗ ಸೊನ್ನಿ. ಹೆಂಡ್ತಿ ಕಡೆ ತಿರುಗಿ ಮೀಸಿ ತೀಡಿದ. ಪೊಲೀಸಪ್ಪ ಶಹಬ್ಬಾಸ್ ಅಂದು, ಲೈಸೆನ್ಸ್ ತಗೀ ಅಂದ. ನಂಬರ್ ಹಾಕಿ ನೋಡಿದ್ರ, ಹಿಂದಿನ ಕೇಸಿನಾಗ ಅದು ಸಸ್ಪೆಂಡ್ ಆಗಿತ್ತು. ಗಾಡಿ ಮುಟ್ಟೋ ಹಂಗಿಲ್ಲ, ಇದಕ್ಕೂ ಕೇಸ್ ಐತಿ ಅಂದ ಪೊಲೀಸಪ್ಪ. ಈಕಿ ಚೀಲದಿಂದ ತನ್ನ ಲೈಸೆನ್ಸ್ ತಗದು ತೋರಿಸಿದ್ಲು. ಗಂಡನ ಕೈಯಾಗಿನ ಕೀಲಿ ಇಸಗೊಂಡು, ಹಿಂದ ಸರೀರಿ ಅಂದ್ಲು.

ಅಂವ ಹಿಂದ ಸರದು ಕುಂತು, ಪೊಲೀಸಪ್ಪನ್ನ ಕೇಳಿದ್ನಂತ:

"ಸಾಹೇಬ್ರ, ಹಂಗಾರ ನಾ ಕುಡಿಯೋದು ಬಿಟ್ಟಿದ್ದು ಯಾತಕ್ರಿ?"