ಮೊಮ್ಮಗಳಿಗೆ ಕೌದಿ ಹೊಲಿಸಿದ್ದು

ಹೊಲಿಗೆ ಕ್ಲಾಸು ನಡೆಸುವವಳಿಗೆ ಎದೆ ಧಸಕ್ಕೆನ್ನದ ದಿನವೇ ಇಲ್ಲ. ಆದರೂ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆಂದು ತುಂಡುಬಟ್ಟೆಗಳ ಕೌದಿ ಹೊಲಿಸಿದ ವಾರ ನನಗಾದಷ್ಟು ಗಾಬರಿ ಮಂಜೇಶ್ವರದಲ್ಲಿ ಇನ್ಯಾರಿಗೂ ಆಗಿರಲಿಕ್ಕಿಲ್ಲ. ಮಧೂರಿನಿಂದ ಬರುವ ಬೀಗಿತ್ತಿ, ಅಳಿಯನ ಅಮ್ಮ, ಮಹಾ ಅಚ್ಚುಕಟ್ಟಿನವರು. ಹೊಲಿಗೆ ಟೀಚರ್ ಎಂಬ ನನ್ನ ಮಾನವೆಲ್ಲ ಆ ಕೌದಿಯ ಮೇಲೆ ನಿಂತಿತ್ತು.

ಗಂಡನ ಬೆರಳು

ಶಿಷ್ಯೆಯರಿಗೆ ಒಂದೇ ಅಳತೆಯ ಚೌಕಗಳನ್ನು ಕತ್ತರಿಸಿ ಕೊಟ್ಟು, "ಅಂಚಿನಿಂದ ಒಂದು ಬೆರಳು ಬಿಟ್ಟು ಹೊಲಿದು ಪಟ್ಟಿ ಮಾಡಿ ತನ್ನಿ" ಎಂದೆ. ತಂದ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದರೆ ಒಂದರ ಉದ್ದ ಇನ್ನೊಂದಕ್ಕಿಲ್ಲ!

"ನಿಂದು ಎಂತ ಇಷ್ಟು ಗಿಡ್ಡ?" ಒಬ್ಬಳನ್ನು ಕೇಳಿದೆ.

"ನನ್ನ ಬೆರಳಿಗೆ ಗಾಯ ಆಗಿತ್ತು ಟೀಚರೇ. ಇವರ ಬೆರಳು ಇಟ್ಟು ಹೊಲಿದೆ."

ಅವಳ ಗಂಡ ತೆಂಗಿನಕಾಯಿ ಸುಲಿಯುವವರು. ಅವರ ಒಂದು ಬೆರಳೆಂದರೆ ನಮ್ಮ ಎರಡು; ಅಷ್ಟು ಬಟ್ಟೆ ಹೊಲಿಗೆಯೊಳಗೇ ಹೋಗಿತ್ತು.

"ಸೂಜಿಯ ಪಕ್ಕ ಬೆರಳಿಟ್ಟು ಕೂತಿದ್ದರಾ ಮಾರಾಯ್ತಿ?"

"ಹೌದು ಟೀಚರೇ, ಕಣ್ಣು ಮುಚ್ಚಿಕೊಂಡು."

ಬ್ಲೌಸಿನ ಅಭ್ಯಾಸ

ಇನ್ನೊಬ್ಬಳದು ಅದಕ್ಕಿಂತಲೂ ಗಿಡ್ಡ. ತಿರುಗಿಸಿ ನೋಡಿದರೆ ಹೊರಗಿರುವಷ್ಟೇ ಬಟ್ಟೆ ಒಳಗೂ ಉಂಟು. ಮನೆಯಲ್ಲಿ ಬ್ಲೌಸ್ ಹೊಲಿದು ಕೊಡುವವಳು ಅವಳು.

"ಒಳಗೆ ಎಂತಕ್ಕೆ ಇಷ್ಟು ಬಿಟ್ಟದ್ದು?"

"ನಾಳೆ ದಪ್ಪ ಆದರೆ ಬಿಚ್ಚಲಿಕ್ಕೆ ಬೇಕಲ್ಲ ಟೀಚರೇ?"

"ಯಾರು, ಕೌದಿಯಾ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು, "ಮಗು ಅಜ್ಜಿಯನ್ನು ಹೋಲಿದರೆ?"

ಆನೆಯ ಗತಿ

ಬೇರೆ ದಾರಿ ಕಾಣದೆ ಉದ್ದದ ಪಟ್ಟಿಗಳನ್ನೆಲ್ಲ ಗಿಡ್ಡದರ ಅಳತೆಗೆ ಕತ್ತರಿಸಿಬಿಟ್ಟೆ. ಆಮೇಲೆ ನೋಡುತ್ತೇನೆ, ಕಾಲೇಜು ಹುಡುಗಿಯೊಬ್ಬಳು ತುದಿಯ ಚೌಕದಲ್ಲಿ ಚಂದ ಮಾಡಿ ಹೊಲಿದ ಆನೆಯ ಸೊಂಡಿಲು ನೆಲದ ಮೇಲೆ ಬಿದ್ದಿದೆ! ನನಗೆ ಅಳುವೇ ಬಂತು.

ಅವಳೇ ಸಮಾಧಾನ ಹೇಳಿದಳು, "ಬಿಡಿ ಟೀಚರೇ, ಬಾಲ ಸ್ವಲ್ಪ ಸುರುಳಿ ಮಾಡಿದರೆ ಹಂದಿ ಆಗ್ತದೆ."

ಬೀಗಿತ್ತಿಯ ತೀರ್ಪು

ಸುತ್ತ ಕೊಟ್ಟ ಅಂಚುಪಟ್ಟಿ ಸಾಲದೆ ಎಳೆದೆಳೆದು ಕೂರಿಸಿದೆವು. ಕೌದಿ ಬಟ್ಟಲಿನ ಹಾಗೆ ನಾಲ್ಕೂ ಕಡೆಯಿಂದ ಎದ್ದು ನಿಂತಿತು. ಎಷ್ಟು ಇಸ್ತ್ರಿ ತಿಕ್ಕಿದರೂ ಮಲಗಲಿಲ್ಲ. ಬಿಚ್ಚಿ ಹೊಲಿಯೋಣವೆಂದರೆ ಬೆಳಗಾದರೆ ತೊಟ್ಟಿಲು.

ಮರುದಿನ ಬೀಗಿತ್ತಿ ಅದನ್ನು ತೊಟ್ಟಿಲಲ್ಲಿ ಹಾಸಿದರು, ಅಂಚನ್ನು ಒತ್ತಿದರು. ಅದು ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿದರು.

"ಇದು ಬೇಕೆಂದೇ ಹೀಗೆ ಹೊಲಿದದ್ದಾ?" ಎಂದರು.

ನಾನು ಸೊಂಡಿಲಿಲ್ಲದ ಆನೆಯನ್ನು ಕೈಯಿಂದ ಮುಚ್ಚುವಷ್ಟರಲ್ಲಿ ಅವರೇ ಮುಂದುವರಿಸಿದರು,

"ಮಗು ಉರುಳದ ಹಾಗೆ ಸುತ್ತ ಕಟ್ಟೆ! ಎಂತ ತಲೆ ನಿಮ್ಮದು! ನನ್ನ ಮಗಳೂ ಈಗ ಏಳು ತಿಂಗಳ ಬಸುರಿ. ಇಂಥದ್ದೇ ಒಂದು ಹೊಲಿದು ಕೊಡಿ, ಒಂದು ನೂಲು ಆಚೀಚೆ ಆಗಬಾರದು."

ನೆಟ್ಟಗೆ ಹೊಲಿಯಲಿಕ್ಕೆ ನನಗೆ ಬರುತ್ತದೆ. ಇದನ್ನು ಎರಡನೇ ಸಲ ಹೊಲಿಯುವುದು ಹೇಗೆಂದು ದೇವರೇ ಹೇಳಬೇಕು.