ಛತ್ರಿಗೆ ಕಟ್ಟಿದ ದುರ್ಬೀನು

ಜೀವಮಾನವೆಲ್ಲ ಸಂಸ್ಕೃತ ಪಾಠ ಹೇಳಿದವನಿಗೆ, ಕತ್ತಲಲ್ಲಿ ಹಂದಿ ತೋರಿಸುವ ಯಂತ್ರವೊಂದನ್ನು ಆರಿಸುವುದು ಯಾವ ಮಹಾ ಕಷ್ಟ? ಒಂದು ಶಬ್ದಕ್ಕೆ ಹಲವು ಅರ್ಥಗಳಿದ್ದರೂ ಸಂದರ್ಭಕ್ಕೆ ತಕ್ಕುದನ್ನು ಹೆಕ್ಕಿ ಕೊಡುವುದೇ ನನ್ನ ವೃತ್ತಿಯಾಗಿತ್ತು. ಅಂಥವನ ಮುಂದೆ ನಾಲ್ಕು ದುರ್ಬೀನುಗಳನ್ನು ಇಟ್ಟರೆ, ಯೋಗ್ಯವಾದುದು ತಾನಾಗಿ ಎದ್ದು ಬಂದು ನಮಸ್ಕರಿಸಬೇಕು! ನಾನು ಹಾಗೆಯೇ ನಂಬಿದ್ದೆ.

ಸಂದರ್ಭವು ಗಂಭೀರವಾದುದು. ಬಬಲೇಶ್ವರದಿಂದ ಜೈನಾಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಎರಡು ಎಕರೆಯ ಹೊಲವಿದೆ. ನಿವೃತ್ತನಾದ ಮೇಲೆ ನನಗೆ ಅದೇ ತಪೋವನ. ಆ ವರ್ಷ ಗೋವಿನಜೋಳ ಆಳೆತ್ತರ ಬೆಳೆದು, ತೆನೆಗಳು ಹಾಲು ತುಂಬಿಕೊಂಡು ನಿಂತಿದ್ದವು. ಪಕ್ಕದ ಹಳ್ಳದ ಜಾಲಿ ಕಂಟಿಗಳಲ್ಲಿ ವಾಸವಾಗಿದ್ದ ಕಾಡುಹಂದಿಗಳಿಗೂ ಈ ಶುಭವಾರ್ತೆ ತಲುಪಿತ್ತು. ಸೂರ್ಯ ಮುಳುಗುವುದೇ ತಡ, ಅವು ಸಕುಟುಂಬವಾಗಿ ಆಗಮಿಸಿ ಪ್ರಸಾದ ಸ್ವೀಕರಿಸುತ್ತಿದ್ದವು. ಮುಳ್ಳುಬೇಲಿಯಿದ್ದ ಒಡ್ಡನ್ನು ದಾಟಿ ಎಲ್ಲಿಂದ ಒಳಗೆ ಬರುತ್ತವೆ, ಎಲ್ಲಿಂದ ಹೊರಗೆ ಹೋಗುತ್ತವೆ ಎಂಬುದು ಮಾತ್ರ ಪರಬ್ರಹ್ಮದಷ್ಟೇ ಅಗೋಚರವಾಗಿತ್ತು.

ನಮ್ಮ ಮನೆಯವಳು ಗಿರಿಜಾ ಒಂದು ಬೆಳಿಗ್ಗೆ ನನ್ನ ಮುಂದೆ ಅರ್ಧ ಕಡಿದ ತೆನೆಯೊಂದನ್ನು ಇಟ್ಟು ತೀರ್ಪು ಹೇಳಿದಳು.

"ನೋಡ್ರಿ, ಹ್ವಾದ ವರ್ಷಾನೂ ಹಂದಿ ತಿಂದ್ವು. ಈ ಸಲಾನೂ ತಿಂದ್ರ ಹೊಲಾ ಇಮಾಮಸಾಬಗ ಲಾವಣಿ ಕೊಟ್ಟಬಿಡೂದು. ಅವಾ ಆದ್ರೂ ಒಂದ ಕಾಳ ಮನಿಗಿ ತರ್ತಾನ."

ಲಾವಣಿ ಎಂದರೆ ಗುತ್ತಿಗೆ. ನನ್ನ ಹೊಲದ ಒಡ್ಡಿನ ಮೇಲೆ ನಾನೇ ಅತಿಥಿಯಾಗಿ ನಿಲ್ಲುವುದು! ಪಕ್ಕದ ಹೊಲದ ಇಮಾಮಸಾಬ ನನ್ನ ಬಹುಕಾಲದ ಸ್ನೇಹಿತ, ಕಷ್ಟಜೀವಿ, ಸಜ್ಜನ. ಆದರೂ ಹೊಲ ಹೊಲವೇ.

"ಗಿರಿಜಾ, ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನನ್ನು ನೋಡಬೇಕು. ನಾನು ಅದಕ್ಕೊಂದು ದಿವ್ಯದೃಷ್ಟಿಯನ್ನು ತರುತ್ತೇನೆ" ಎಂದೆ.

"ಮೊದಲ ಚಷ್ಮಾದ ನಂಬರ ಬದಲಿ ಮಾಡ್ಸಿಕೊಂಡ ಬರ್ರಿ" ಎಂದು ಆಕೆ ಒಳಗೆ ಹೋದಳು.

ನಾನು ಫೋನಿನಲ್ಲಿ ಈ ದಿವ್ಯದೃಷ್ಟಿಯ ಬಗ್ಗೆ ಅಧ್ಯಯನಕ್ಕೆ ಕುಳಿತೆ. ಸಿಕ್ಕಿದ್ದೆಲ್ಲ ಪರದೇಶದ ಬೇಟೆಗಾರರ ಬರಹಗಳು. ಈರುಳ್ಳಿಯನ್ನೂ ವರ್ಜಿಸಿದ ಮನುಷ್ಯ ಜಿಂಕೆಯ ಎದೆಗೆ ಗುರಿಯಿಡುವ ವಿಧಾನವನ್ನು ಭಕ್ತಿಯಿಂದ ಪಾರಾಯಣ ಮಾಡಿದೆ! ಆಮೇಲೆ ಶುಭಮುಹೂರ್ತವೊಂದನ್ನು ನೋಡಿ ವಿಜಯಪುರದ ಬಸ್ಸು ಹತ್ತಿದೆ.

ಕ್ಯಾಮೆರಾ, ದುರ್ಬೀನು ಮಾರುವ ಆ ಅಂಗಡಿಯ ಮಾಲೀಕಳು ಶಾಹಿನಾ ಎಂಬ ಚುರುಕು ಹೆಣ್ಣುಮಗಳು. ನಾನು ಬಂದ ಕಾರಣವನ್ನು ಕೇಳಿ ನನ್ನ ಹಣೆಯ ವಿಭೂತಿಯನ್ನೂ ಕೊರಳಿನ ರುದ್ರಾಕ್ಷಿಯನ್ನೂ ಒಮ್ಮೆ ನೋಡಿದಳು.

"ಬ್ಯಾಟಿಗೇನ್ರಿ, ಅಜ್ಜಾರ? ಬಂದೂಕಿಗಿ ಹಾಕೂದು ನಾವು ಮಾರೂದಿಲ್ರಿ."

"ಶಿವ ಶಿವಾ! ತಾಯಿ, ನಾನು ಸೊಳ್ಳೆಯನ್ನೂ ಕ್ಷಮೆ ಕೇಳಿ ಓಡಿಸುವವನು. ನನಗೆ ಹಂದಿಯ ದರ್ಶನ ಮಾತ್ರ ಸಾಕು."

"ಹಂಗಾದ್ರ ಕೈಯಾಗ ಹಿಡದು ನೋಡೂದ ತಗೋರಿ. ಎರಡ ನಮೂನಿ ಅದಾವ. ಒಂದು, ಸಣ್ಣ ಬೆಳಕಿದ್ರೂ ಕತ್ತಲದಾಗ ಕಾಣೂದು. ಇನ್ನೊಂದು, ಬೆಳಕ ಬ್ಯಾಡ, ಮೈಯಾಗಿನ ಕಾವು ನೋಡಿ ತೋರಸೂದು. ಬೆಳಿ ಸಂದ್ಯಾಗ ಹಂದಿ ಹುಡುಕಾಕ ಕಾವಿಂದs ಚಲೋ."

ಕಾವನ್ನು ಕಾಣುವ ಕಣ್ಣು! ನನಗೆ ರೋಮಾಂಚನವಾಯಿತು. ಪ್ರಾಣಿಗಳೊಳಗಿನ ಜಠರಾಗ್ನಿಯನ್ನು ಕುರಿತು ನಮ್ಮ ಪೂರ್ವಿಕರು ಹೇಳಿದ್ದನ್ನು ಅಲ್ಲಿಯೇ ವಿವರಿಸಲು ತೊಡಗಿದೆ. ನಡುವೆ ಶಾಹಿನಾ "ಇನ್ನೊಂದ ಮಾತ್ರೀ ಅಜ್ಜಾರ, ಗಾಜಿನ…" ಎಂದು ಬಾಯಿ ತೆರೆದಳು. ನಾನು ಕೈಸನ್ನೆಯಿಂದ ತಡೆದು ಉಪನ್ಯಾಸವನ್ನು ಮುಂದುವರಿಸಿದೆ. ವಿದ್ವಾಂಸನ ಮಾತನ್ನು ನಡುವೆ ತುಂಡರಿಸಬಾರದು. ಅದು ಶಿಷ್ಟಾಚಾರ!

ಆರಿಸುವ ಘಳಿಗೆ ಬಂತು. ಕಾವು ಕಾಣುವವೇ ಎರಡು: ಒಂದು ಗಿಡ್ಡ, ಒಂದು ಉದ್ದ.

"ಗಿಡ್ಡದ್ದು ತಗೋರಿ. ಅಗಲ ಕಾಣತೈತಿ. ಉದ್ದಂದು ಭಾಳ ದೂರಿಂದ ಐತ್ರಿ. ನಿಮ್ಮ ಹೊಲಾ ಎಷ್ಟೈತಿ?"

"ಎರಡು ಎಕರೆ."

"ಎರಡ ಎಕರೇಕ ಇದ್ಯಾಕ್ರಿ? ಇದರಾಗ ನೋಡಿದ್ರ ನಿಮ್ಮ ಹಂದಿ ಬಿಟ್ಟ ಆಚಿ ಕಾಖಂಡಕಿ ಊರಿನ ಹಂದಿ ಕಾಣತಾವ!"

ದೂರದೃಷ್ಟಿಯನ್ನು ಬೋಧಿಸುತ್ತ ಬಂದವನು ಸಮೀಪದೃಷ್ಟಿಗೆ ಮನಸೋಲುವುದೆ? ಉದ್ದನೆಯದನ್ನೇ ಕೊಂಡೆ.

ಮನೆಗೆ ಬಂದವನೇ ಪೂಜೆಗೆ ಅಣಿಮಾಡಿದೆ. ನಮ್ಮಲ್ಲಿ ನೀರೆತ್ತುವ ಮೋಟಾರಿರಲಿ, ಹಿಟ್ಟಿನ ಗಿರಣಿಯಿರಲಿ, ಹೊಸ ಯಂತ್ರಕ್ಕೆ ವಿಭೂತಿ ಕುಂಕುಮ ಏರದೆ ಅದು ಮನೆಯ ಸದಸ್ಯನಾಗುವುದಿಲ್ಲ. ದುರ್ಬೀನಿನ ಹಣೆ ಎಲ್ಲಿ ಎಂಬ ಜಿಜ್ಞಾಸೆ ಹುಟ್ಟಿತು. ಮುಂಭಾಗದಲ್ಲಿ ದುಂಡಗೆ, ಕಪ್ಪಗೆ ಹೊಳೆಯುತ್ತಿದ್ದ ಭಾಗವೇ ಹಣೆ ಎಂದು ನಿರ್ಣಯಿಸಿದೆ. ಒದ್ದೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ದೊಡ್ಡದೊಂದು ಕುಂಕುಮದ ಬೊಟ್ಟು ಇಟ್ಟೆ. ಸಾಕ್ಷಾತ್ ತ್ರಿನೇತ್ರ!

ಅದು ಕಣ್ಣು. ಹಣೆಯಲ್ಲ.

ಇನ್ನೊಂದು ತೊಡಕಿತ್ತು. ಉದ್ದನೆಯ ಯಂತ್ರ ಭಾರ, ನನ್ನ ಕೈಗೆ ನಡುಕ. ಅದನ್ನು, ಗುಂಡಿಯೊತ್ತಿದರೆ ತೆರೆಯುವ ನನ್ನ ಛತ್ರಿಯ ಕೋಲಿಗೆ ಬಿಗಿಯಾಗಿ ಕಟ್ಟಿದೆ. ಹಿಡಿಕೆಯನ್ನು ಹೆಗಲಿಗೆ ಆನಿಸಿದರೆ ಯಂತ್ರ ನಿಶ್ಚಲವಾಗಿ ಕಣ್ಣಿನ ಮುಂದೆ ನಿಲ್ಲುತ್ತಿತ್ತು. ನನ್ನ ಬುದ್ಧಿಗೆ ನಾನೇ ಬೆರಗಾಗಿ, ಅಂಗಳದಲ್ಲಿ ಒಂದು ಕಣ್ಣು ಮುಚ್ಚಿ ಹಾಗೆಯೇ ನಿಂತು ಅಭ್ಯಾಸ ಮಾಡಿದೆ. ಓಣಿಯ ಜನ ನೋಡಿದರು. ದೂರದಿಂದ ನೋಡಿದವರಿಗೆ ಅದು ಛತ್ರಿಯಾಗಿ ಕಾಣಲಿಲ್ಲ.

ಮಧ್ಯಾಹ್ನದೊಳಗೆ ತಿಕೋಟಾದಿಂದ ಗಿರಿಜಾಳ ತಮ್ಮನ ಫೋನು ಬಂತು. "ಮಾಮಾರ, ಬಂದೂಕ ತಗೊಂಡೀರಂತ? ನಮ್ಮ ದ್ರಾಕ್ಷಿ ತ್ವಾಟದಾಗ ಮೊಲಾ ಭಾಳ ಆಗ್ಯಾವ, ಒಂದೀಟ ಬಂದ ಹೋಗ್ರಿ!" ಸಂಜೆ ಎದುರಾದ ಹಳೆಯ ಶಿಷ್ಯನೊಬ್ಬ ಕಿವಿಯ ಬಳಿ ಬಂದು, "ಗುರುಗಳ, ಯಾರಿಗೂ ಹೇಳಂಗಿಲ್ರಿ. ಸಿಕ್ಕಿದ್ರಾಗ ನಮಗೂ ಒಂದ ಪಾಲ ಕಳಸ್ರಿ" ಎಂದ. ನಾನು ಕಲಿಸಿದ ನೀತಿಪಾಠಗಳು ಇಷ್ಟು ಆಳಕ್ಕೆ ಇಳಿದಿದ್ದವು!

ಹೊಲ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಂಜೆಯ ನಮಾಜು ಮುಗಿಸಿ ಇಮಾಮಸಾಬ ತನ್ನ ಹಳೆಯ ಜೀಪಿನಲ್ಲಿ ಬಂದು ಒಡ್ಡಿನ ಪಕ್ಕ ನಿಲ್ಲಿಸಿದ.

"ಒಳಗ ಕುಂಡ್ರ ಬರ್ರಿ ಗುರುಗಳ, ಗಾಳಿ ಭಾಳ ಐತಿ."

ಅವನ ಪಕ್ಕದಲ್ಲಿ ಕುಳಿತು ಬಾಗಿಲು ಹಾಕಿಕೊಂಡೆ. ಛತ್ರಿಯನ್ನು ಹೆಗಲಿಗೇರಿಸಿ, ಮುಂದಿನ ಗಾಜಿನ ಮೂಲಕ ಬೆಳೆಯ ಕಡೆಗೆ ಗುರಿಯಿಟ್ಟು ಕಣ್ಣು ಹಚ್ಚಿದೆ.

ಹೊಲವಿರಲಿಲ್ಲ. ತೆನೆಯಿರಲಿಲ್ಲ. ಒಂದು ಬೃಹದಾಕಾರದ ಮಸುಕು ಜ್ವಾಲೆ ಮಾತ್ರ ನನ್ನ ಎದುರಿಗೇ ಕುಳಿತಿತ್ತು. ತುಂಬು ಹೊಟ್ಟೆ, ದಪ್ಪ ತಲೆ, ಮುಂದಕ್ಕೆ ಚಾಚಿದ ಭಯಂಕರ ಮೂತಿ!

"ಇಮಾಮಸಾಬ್" ಎಂದೆ. "ಇದು ಹಂದಿಯಲ್ಲ. ವರಾಹಾವತಾರ!"

"ಎಲ್ಲೈತ್ರಿ? ನನಗೇನೂ ಕಾಣವಲ್ದು."

"ಪುಣ್ಯ ಬೇಕಪ್ಪಾ" ಎಂದು ಭಕ್ತಿಯಿಂದ ಒಂದು ಕೈ ಮೇಲೆತ್ತಿ ವಂದಿಸಿದೆ. ಅದೂ ಒಂದು ಕೈ ಮೇಲೆತ್ತಿತು!

ಭಗವಂತನು ಭಕ್ತನಿಗೆ ಅಭಯ ನೀಡುವುದು ಉಂಟು. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಇಮಾಮಸಾಬ "ಕೊಡ್ರಿ ಇಲ್ಲಿ" ಎಂದು ನನ್ನ ಹೆಗಲ ಮೇಲೆ ಬಾಗಿದ. ಅಲ್ಲಿ ವರಾಹಮೂರ್ತಿಗೆ ಇನ್ನೊಂದು ತಲೆ ಮೂಡಿತು. ಎರಡು ತಲೆಯ ಅವತಾರವನ್ನು ಯಾವ ಗುರುವೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಚೀರಿದೆ. ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು. ಜೀಪಿನೊಳಗೇ ಛತ್ರಿ ಭಡಾರೆಂದು ಬಿಚ್ಚಿಕೊಂಡಿತು!

ಅದರ ಹೊಡೆತಕ್ಕೆ ಇಮಾಮಸಾಬ ಹಾರ್ನಿನ ಮೇಲೆ ಬಿದ್ದ. ಹಾರ್ನು ಒಮ್ಮೆ ಕೂಗಿದ್ದು ನಿಲ್ಲಲೇ ಇಲ್ಲ. ಸಿಕ್ಕಿಕೊಂಡಿತು. ಪ್ರಳಯಕಾಲದ ಶಂಖನಾದ! "ಯಪ್ಪಾ, ಕಣ್ಣಾಗ ಕಡ್ಡಿ ಹೊಕ್ಕಿತ್ರಿ! ಛತ್ರಿ ಮುಚ್ಚರಿ!" ಎಂದು ಆತ ಕೂಗುತ್ತಿದ್ದಾಗ ನಾನು ಬಾಗಿಲು ತೆರೆದು, ಅರೆಬಿಚ್ಚಿದ ಛತ್ರಿಯನ್ನು ಎಳೆದುಕೊಂಡು, ನನ್ನ ವಯಸ್ಸಿಗೆ ಶೋಭಿಸದ ವೇಗದಲ್ಲಿ ಓಡಿದೆ. ಹತ್ತು ಮಾರು ಹೋಗುವುದರೊಳಗೆ ನೀರು ಹಾಯಿಸಿದ ಕಾಲುವೆ ಸಿಕ್ಕಿತು. ಅದರೊಳಗೆ ದೀರ್ಘದಂಡ ನಮಸ್ಕಾರ ಹಾಕಿದೆ.

ಎದ್ದು ಕೂತಾಗ ಮೊದಲ ಚಿಂತೆ ಯಂತ್ರದ್ದು. ಶಲ್ಯದಿಂದ ಅದರ ಮುಖ ಒರೆಸಿದೆ. ಕೆಸರಿನ ಜೊತೆಗೆ ವಿಭೂತಿಯೂ ಕುಂಕುಮವೂ ಬಂದವು. ಕಣ್ಣಿಗೆ ಹಿಡಿದೆ.

ಆಹಾ!

ಕಾಲುವೆಯ ನೇರಕ್ಕೆ, ಬೆಳೆಯ ಆಚೆಯ ಅಂಚಿನಲ್ಲಿ ಹಂದಿಗಳು! ಕೆಂಡದ ಉಂಡೆಗಳಂತೆ ಬೆಳಗುತ್ತ, ಹಾರ್ನಿನ ಆರ್ಭಟಕ್ಕೆ ಬೆದರಿ, ದೊಡ್ಡದರ ಹಿಂದೆ ಚಿಕ್ಕವು ಒಂದೇ ಸಾಲಿನಲ್ಲಿ ಹಳ್ಳದ ಕಡೆಗೆ ಓಡುತ್ತಿದ್ದವು. ಉದ್ದನೆಯ ದುರ್ಬೀನು ಅಷ್ಟು ದೂರದಲ್ಲಿ ಅವುಗಳ ಬಾಲವನ್ನೂ ಬಿಡದೆ ತೋರಿಸಿತು. ಒಡ್ಡಿನ ಮೂಲೆಯಲ್ಲಿ, ಮಳೆನೀರು ಹೊರಗೆ ಹರಿಯಲು ಬಿಟ್ಟ ಕಿಂಡಿಯೊಂದು ಆಳೆತ್ತರದ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಪ್ರತಿಯೊಂದು ಹಂದಿಯೂ ಅಲ್ಲಿಯೇ ನುಸುಳಿ ಮಾಯವಾಯಿತು. ಆ ಅಗೋಚರವಾದ ಬಾಗಿಲು ಗೋಚರಿಸಿತು!

"ಇಮಾಮಸಾಬ್! ಕಿಂಡಿ! ಮೂಲೆಯ ಕಿಂಡಿ!"

"ಹಾರ್ನಿಂದ ವಾಯರ ಕಿತ್ತಿ ಬರ್ತೇನಿ, ತಡೀರಿ!"

ಬಂದು ನೋಡಿ ಆತ ನನ್ನ ಬೆನ್ನು ತಟ್ಟಿದ. ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಆ ಕಿಂಡಿಗೆ ಕಲ್ಲು ಜೋಡಿಸಿ, ನೀರು ಹೋಗುವಷ್ಟೇ ಸಂದು ಬಿಟ್ಟು, ಮೇಲೆ ಜಾಲಿ ಕಂಟಿ ಬಡಿದೆವು. ಹಂದಿಗಳು ಎರಡು ಸಂಜೆ ಬಂದು, ಹೊರಗೆ ನಿಂತು ಗೊಣಗಿ, ಬೇರೆ ಆಶ್ರಯ ಹುಡುಕಿಕೊಂಡು ಹೋದವು. ಗೋವಿನಜೋಳ ತೆನೆತೆನೆಯಾಗಿ ಮನೆ ಸೇರಿತು.

ವರಾಹಮೂರ್ತಿಯ ರಹಸ್ಯವನ್ನು ಶಾಹಿನಾ ಫೋನಿನಲ್ಲಿ ಬಿಡಿಸಿದಳು. "ಕಾವು ಗಾಜು ದಾಟಂಗಿಲ್ರಿ ಅಜ್ಜಾರ. ಕನ್ನಡಿ ಹಂಗ ನಿಮ್ಮ ಕಾವು ನಿಮಗs ತಿರುಗಿ ಕಾಣತೈತಿ. ಅವತ್ತs ಹೇಳಾಕ ಬಂದಿದ್ನಿ. ನೀವು ಹೊಟ್ಟ್ಯಾಗಿನ ಬೆಂಕಿ ಚಾಲೂ ಮಾಡಿದ್ರಿ!"

ಅಂದರೆ ಆ ಹೊಟ್ಟೆ ನನ್ನದು. ಆ ಮೂತಿ ಛತ್ರಿಯದು.

ರಾಶಿಯ ಮುಂದೆ ನಿಂತು ನಾನು ವಿಜಯಿಯಂತೆ ಕೇಳಿದೆ: "ಈಗೇನಂತೀ ಗಿರಿಜಾ? ಹೊಲ ಲಾವಣಿ?"

"ಹೊಲಾ ಯಾಕ ಕೊಡ್ಲಿ? ಹೊಲಾ ಇರ್ಲಿ. ನಿಮ್ಮನ್ನs ಲಾವಣಿ ಕೊಟ್ಟೇನಿ" ಎಂದಳು ಆಕೆ. "ಮಮದಾಪುರದಾವ್ರು ಬಂದಿದ್ರು. ಅವರ ಹೊಲದಾಗೂ ಹಂದಿ ಅದಾವಂತ. ನಾಳಿ ಸಂಜೀಕ ಕಳಸ್ತೀನಿ ಅಂದೇನಿ."

ಹೊಲ ಉಳಿಯಿತು, ಗೌರವ ಬೆಳೆಯಿತು. ಈಗ ಸುತ್ತಲಿನ ಹಳ್ಳಿಗಳಿಂದ ನನಗೆ ಮರ್ಯಾದೆಯ ಕರೆಗಳು ಬರುತ್ತವೆ. ಮೊದಮೊದಲು ಉಪನ್ಯಾಸಕ್ಕಿರಬೇಕೆಂದು ಶಲ್ಯಕ್ಕೆ ಇಸ್ತ್ರಿ ಮಾಡಿಸುತ್ತಿದ್ದೆ. "ಭಾಷಣ ಬ್ಯಾಡ್ರಿ ಗುರುಗಳ, ಛತ್ರಿ ತರ್ರಿ ಸಾಕು" ಎನ್ನುತ್ತಾರೆ. ಹೋದಲ್ಲೆಲ್ಲ ಸಿಹಿಯೂಟ, ಹೆಗಲಿಗೆ ಟವೆಲು. ಕಿಂಡಿ ಹುಡುಕಿಕೊಡುತ್ತೇನೆ, ಹಂದಿಗಳು ಹೋಗುತ್ತವೆ. ಆದರೆ ಜನ ಅದನ್ನು ಕಿಂಡಿಯ ಮಹಿಮೆ ಎನ್ನುವುದಿಲ್ಲ; ನನ್ನನ್ನು ಕಂಡೇ ಹಂದಿಗಳು ಓಡುತ್ತವೆಂದು ದೃಢವಾಗಿ ನಂಬಿದ್ದಾರೆ. ನಾನು ವಾದಿಸಲು ಹೋಗುವುದಿಲ್ಲ. ಜೀಪಿನ ಗಾಜಿನಲ್ಲಿ ನನ್ನನ್ನು ಕಂಡು ನಾನೇ ಓಡಿರುವಾಗ, ಪಾಪ, ಹಂದಿಗಳ ಪಾಡೇನು!